ಮಾಮೂಲು ಎಂಬ ಮಾತಿನ ಮರ್ಮ

ಮನುಷ್ಯರಿಗಿರುವಂತೆ ಮಾತುಗಳಿಗೂ ಒಂದೊಂದು ಜಾತಕವಿರಬೇಕೆಂದು ತೋರುತ್ತದೆ. ಕೆಲವು ಮಾತುಗಳು ಒಳ್ಳೆಯ ಮನೆತನದಲ್ಲಿ ಹುಟ್ಟಿ, ದೊಡ್ಡ ದೊಡ್ಡ ಕಚೇರಿಗಳಲ್ಲಿ ಮರ್ಯಾದೆಯಿಂದ ಬಾಳಿ, ಕಡೆಗೆ ಸಹವಾಸದೋಷದಿಂದ ಹೆಸರು ಕೆಡಿಸಿಕೊಳ್ಳುತ್ತವೆ. ‘ಮಾಮೂಲು’ ಎಂಬುದು ಅಂಥದೊಂದು ಮಾತು. ಮೈಸೂರು ನಗರದಲ್ಲಿ ಬೆಳಗಿನಿಂದ ರಾತ್ರಿಯೊಳಗೆ ಈ ಮಾತನ್ನು ಒಮ್ಮೆಯಾದರೂ ಆಡದ, ಅಥವಾ ಕೇಳದ ಗೃಹಸ್ಥರು ವಿರಳ. ಆದರೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವಷ್ಟರಲ್ಲಿ ಅದರ ಅರ್ಥ ಬದಲಾಗಿರುತ್ತದೆ. ಕೆಲವು ವೇಳೆ ಆಡುವವರ ದನಿಯೂ ತಗ್ಗಿರುತ್ತದೆ.

ಅಗ್ರಹಾರದ ಕಡೆಯ ಯಾವುದಾದರೂ ಹಳೆಯ ಕಾಫಿ ಹೋಟೆಲಿಗೆ ದಿನವೂ ಬರುವ ಗಿರಾಕಿಯೊಬ್ಬರು ಬಂದು ಕುಳಿತರೆ, ಮಾಣಿ ಹತ್ತಿರ ಬಂದು ಕೇಳುವುದು ಒಂದೇ ಪ್ರಶ್ನೆ: “ಮಾಮೂಲೇ ಸ್ವಾಮಿ?” ಗಿರಾಕಿ ತಲೆಯಾಡಿಸಿದರೆ ಸಾಕು. ಎರಡು ಇಡ್ಲಿ, ಒಂದು ವಡೆ, ಸಕ್ಕರೆ ಕಡಿಮೆ ಹಾಕಿದ ಕಾಫಿ, ಎಲ್ಲವೂ ಹೇಳದೆಯೇ ಬರುತ್ತವೆ. ಇಲ್ಲಿ ಮಾಮೂಲೆಂದರೆ ಬಳಕೆಯಿಂದ ಬಂದ ಸಲಿಗೆ. ಮೊದಲ ಸಲ ಬಂದವರಿಗೆ ಈ ಗೌರವ ದೊರೆಯುವುದಿಲ್ಲ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಜೆ ತಿರುಗಾಡಲು ಬಂದ ಇಬ್ಬರು ನಿವೃತ್ತರು ಎದುರಾಗುತ್ತಾರೆ. “ಏನು ರಾಯರೇ, ಏನು ಸಮಾಚಾರ?” ಎಂದು ಒಬ್ಬರು ಕೇಳುತ್ತಾರೆ. “ಏನಿದೆ ಬಿಡಿ, ಎಲ್ಲ ಮಾಮೂಲು” ಎಂದು ಇನ್ನೊಬ್ಬರು ಹೇಳುತ್ತಾರೆ. ಮಂಡಿನೋವು ಕಡಿಮೆಯಾಗಿಲ್ಲ, ಹೆಚ್ಚಾಗಿಯೂ ಇಲ್ಲ. ಮಗ ಊರಿಗೆ ಬಂದಿಲ್ಲ, ಆದರೆ ಭಾನುವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಇಷ್ಟೂ ಆ ಒಂದು ಮಾತಿನಲ್ಲಿ ಅಡಕವಾಗಿದೆ. ಅದೇ ಹೊತ್ತಿಗೆ ಬಟ್ಟೆಯಂಗಡಿಯಲ್ಲಿ ಕುಳಿತ ಗೃಹಿಣಿ “ದಿನಾ ಉಡುವುದಕ್ಕೆ, ಮಾಮೂಲಿ ಸೀರೆ ತೋರಿಸಿ ಸಾಕು” ಎನ್ನುತ್ತಿರುತ್ತಾಳೆ. ಅಲ್ಲಿ ಅದರ ಅರ್ಥ ಸಾಧಾರಣ, ಬೆಲೆ ಕಡಿಮೆಯದು ಎಂದು. ಬೀದಿಯ ತಿರುವಿನಲ್ಲಿ ಯಾರೋ ಯಾರನ್ನೋ ಕುರಿತು “ಅವನೇನು ಮಾಮೂಲಿ ಆಸಾಮಿಯಲ್ಲ” ಎಂದರೆ, ಅದು ಹೊಗಳಿಕೆಯೋ ಎಚ್ಚರಿಕೆಯೋ ಎಂಬುದನ್ನು ಹೇಳಿದವರ ಹುಬ್ಬು ನೋಡಿ ತಿಳಿಯಬೇಕು.

ಇವೆಲ್ಲ ನಿರುಪದ್ರವಿ ಅರ್ಥಗಳು. ಕತ್ತಲಾದ ಮೇಲೆ, ಬೀದಿಬದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಹಣ್ಣು ಮಾರುವವನು ಪಕ್ಕದವನನ್ನು ಮೆಲ್ಲಗೆ ಕೇಳುತ್ತಾನೆ: “ಇವತ್ತಿನ ಮಾಮೂಲು ಕೊಟ್ಟೆಯಾ?” ಯಾರಿಗೆ, ಏತಕ್ಕೆ, ಎಷ್ಟು ಎಂಬ ಯಾವ ಪ್ರಶ್ನೆಯೂ ಇಲ್ಲ, ಉತ್ತರವೂ ಬೇಕಿಲ್ಲ. ಬೆಳಗ್ಗೆ ಇಡ್ಲಿ ಕಾಫಿಯಾಗಿದ್ದ ಮಾತು ಈಗ ಲಂಚವಾಗಿದೆ.

ಸೂಕ್ಷ್ಮವಾಗಿ ಕಿವಿಗೊಟ್ಟರೆ ಜನ ಇಲ್ಲೊಂದು ಸಣ್ಣ ವ್ಯಾಕರಣವನ್ನೂ ಮಾಡಿಕೊಂಡಿರುವುದು ತಿಳಿಯುತ್ತದೆ. ‘ಇ’ಕಾರದಲ್ಲಿ ಮುಗಿಯುವ ‘ಮಾಮೂಲಿ’ ಬಹುಮಟ್ಟಿಗೆ ವಿಶೇಷಣ: ಮಾಮೂಲಿ ಊಟ, ಮಾಮೂಲಿ ಜ್ವರ, ಮಾಮೂಲಿ ಜಗಳ. ‘ಉ’ಕಾರದ ‘ಮಾಮೂಲು’ ನಾಮಪದ; ಅದನ್ನು ಕೊಡಬಹುದು, ಕಟ್ಟಬಹುದು, ಎತ್ತಬಹುದು, ವಸೂಲು ಮಾಡಬಹುದು, ‘ತಲುಪಿಸ’ಲೂಬಹುದು. ಈ ಗೆರೆ ಅಷ್ಟೇನೂ ಗಟ್ಟಿಯಾದುದಲ್ಲ, ಆಡುಮಾತಿನಲ್ಲಿ ಆಗಾಗ ಅಳಿಸಿಹೋಗುತ್ತದೆ. ಆದರೂ ಮೊದಲನೆಯದನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಆಡುವವರೇ ಎರಡನೆಯದಕ್ಕೆ ಬಂದಾಗ ಒಮ್ಮೆ ಅತ್ತಿತ್ತ ನೋಡುತ್ತಾರೆ.

ಈ ಮಾತಿನ ತವರು ಅರಬ್ಬೀ ಭಾಷೆ. ‘ಅಮಲ್’ ಎಂದರೆ ಆ ಭಾಷೆಯಲ್ಲಿ ಕೆಲಸ, ಕಾರ್ಯ, ಆಚರಣೆ. ‘ಆಮಿಲ್’ ಎಂದರೆ ಕೆಲಸ ಮಾಡುವವನು, ನಡೆಸುವವನು. ‘ಮಅಮೂಲ್’ ಎಂದರೆ ಮಾಡಲ್ಪಟ್ಟದ್ದು, ಆಚರಣೆಯಲ್ಲಿರುವುದು, ರೂಢಿಯಾದದ್ದು. ಮೂರೂ ಒಂದೇ ಬಸಿರಿನ ಮಕ್ಕಳು. ಮೂವರೂ ಪಾರಸಿಯ ಕೈಹಿಡಿದು ಹಿಂದೂಸ್ಥಾನಕ್ಕೆ ಬಂದರು. ಹಿರಿಯವನ ಕಥೆಯೇ ಸ್ವಾರಸ್ಯವಾಗಿದೆ. ಸರ್ಕಾರದ ಆಜ್ಞೆ ಅಮಲಿಗೆ ಬರುವುದು, ಅಮಲ್ಜಾರಿ ಮಾಡುವುದು, ತಾಲ್ಲೂಕಿನ ಆಡಳಿತ ನಡೆಸುವವನು ಅಮಲ್ದಾರನೆನಿಸಿಕೊಳ್ಳುವುದು, ಇವೆಲ್ಲ ‘ಅಮಲ್’ ಎಂಬುದರಿಂದಲೇ. ಹೆಂಡ ಅಫೀಮುಗಳ ನಶೆಗೆ ‘ಅಮಲು’ ಎನ್ನುವುದೂ ಅದರಿಂದಲೇ. ಅಧಿಕಾರ ನಡೆಸುವುದಕ್ಕೂ ಅಮಲೇರುವುದಕ್ಕೂ ಮಾತು ಒಂದೇ ಆದದ್ದು ಆಕಸ್ಮಿಕವಿರಬಹುದು. ಆದರೆ ಹಳೆಯ ಮೈಸೂರಿನ ರೈತರಿಗೆ ಅದು ಆಕಸ್ಮಿಕವೆಂದು ತೋರಿರಲಾರದು.

ಮೇಲೆ ಬಂದ ‘ಆಸಾಮಿ’ಯೂ ಇದೇ ದಾರಿಯಲ್ಲಿ ಬಂದವನು. ಅರಬ್ಬಿಯಲ್ಲಿ ‘ಇಸ್ಮ್’ ಎಂದರೆ ಹೆಸರು, ‘ಅಸಾಮೀ’ ಎಂದರೆ ಹೆಸರುಗಳು. ಕಂದಾಯದ ಪಟ್ಟಿಯಲ್ಲಿ ಹೆಸರು ದಾಖಲಾಗಿದ್ದ ರೈತ ‘ಆಸಾಮಿ’ಯಾದ. ಪಟ್ಟಿಯಿಂದ ಇಳಿದು ಬೀದಿಗೆ ಬಂದ ಮೇಲೆ ಯಾರು ಬೇಕಾದರೂ ಆಸಾಮಿಗಳೇ.

ಇಂಥ ಮಾತುಗಳು ಮೈಸೂರು ಸೀಮೆಗೆ ಒಂದೇ ದಿನ ಬಂದವಲ್ಲ. ೧೬೩೮ರಲ್ಲಿ ಬೆಂಗಳೂರು ಬಿಜಾಪುರದವರ ವಶವಾಯಿತು. ೧೬೮೭ರಲ್ಲಿ ಮೊಗಲರು ಶಿರಾವನ್ನು ಸುಬೆಯ ಕೇಂದ್ರವಾಗಿ ಮಾಡಿಕೊಂಡರು. ಪಾರಸಿಯ ಲೆಕ್ಕಪತ್ರದ ಮಾತುಗಳು ಆಗಿನಿಂದಲೇ ನಾಡಿನಲ್ಲಿ ಸುಳಿದಾಡುತ್ತಿದ್ದವು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಅವು ಸರ್ಕಾರದ ಕಾಗದಪತ್ರಗಳಲ್ಲಿ ಬೇರೂರಿದವು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದು ಮೈಸೂರು ಮತ್ತೆ ರಾಜಧಾನಿಯಾಯಿತು. ಆಳುವವರು ಬದಲಾದರು, ಆಳುವ ಮಾತು ಬದಲಾಗಲಿಲ್ಲ. ದಿವಾನ್ ಪೂರ್ಣಯ್ಯನವರ ಕಚೇರಿಯಲ್ಲಿಯೂ ಅರ್ಜಿ ಅರ್ಜಿಯೇ, ದಫ್ತರು ದಫ್ತರವೇ, ಗುಮಾಸ್ತೆ ಗುಮಾಸ್ತೆಯೇ. ೧೯೫೬ರ ಏಕೀಕರಣದ ತರುವಾಯ ಮೈಸೂರಿನ ಅಮಲ್ದಾರರು ಕ್ರಮೇಣ ತಹಶೀಲ್ದಾರರಾದರು. ಅದೂ ಅರಬ್ಬಿ-ಪಾರಸಿಯ ಬೆಸುಗೆಯೇ.

ಆ ಕಾಲದಲ್ಲಿ ಮಾಮೂಲು ಎಂಬುದಕ್ಕೆ ಕೆಟ್ಟ ವಾಸನೆಯೇನೂ ಇರಲಿಲ್ಲ. ಎಚ್. ಎಚ್. ವಿಲ್ಸನ್ ೧೮೫೫ರಲ್ಲಿ ಪ್ರಕಟಿಸಿದ, ನ್ಯಾಯ ಮತ್ತು ಕಂದಾಯ ಇಲಾಖೆಗಳ ಪಾರಿಭಾಷಿಕ ಶಬ್ದಗಳ ಕೋಶದಲ್ಲಿ ಅದು ರೂಢಿ, ಸಂಪ್ರದಾಯ ಎಂಬರ್ಥದ ಗೌರವಸ್ಥ ಪದ. ೧೮೮೬ರಲ್ಲಿ ಯೂಲ್ ಮತ್ತು ಬರ್ನೆಲ್ ಎಂಬವರು ಹೊರತಂದ ‘ಹಾಬ್ಸನ್-ಜಾಬ್ಸನ್’ ಎಂಬ ಪ್ರಸಿದ್ಧ ಕೋಶವೂ ಈ ಮಾತನ್ನು ಎತ್ತಿಕೊಂಡಿದೆ. ಪೂರ್ವದೇಶದವರಿಗೆ ಮಾಮೂಲೆಂದರೆ ಇಂಗ್ಲೆಂಡಿನ ವಕೀಲರಿಗೆ ಪೂರ್ವ ನಿದರ್ಶನವಿದ್ದಷ್ಟೇ ಪೂಜ್ಯವೆಂದು ನಗೆಯಾಡಿ, ಬೈಬಲಿನ ಲಾಬಾನನ ಕಥೆಯನ್ನು ಅದಕ್ಕೆ ಉದಾಹರಣೆಯಾಗಿ ಕೊಟ್ಟಿದೆ. ಲಾಬಾನನು ಕಿರಿಯ ಮಗಳನ್ನು ಕೊಡುವೆನೆಂದು ಅಳಿಯನಿಂದ ಏಳು ವರ್ಷ ದುಡಿಸಿಕೊಂಡು, ಮದುವೆಯ ರಾತ್ರಿ ಹಿರಿಯಳನ್ನು ಕಳುಹಿಸಿ, ಮರುದಿನ ಅಳಿಯ ರೇಗಿದಾಗ ತಮ್ಮ ದೇಶದ ಪದ್ಧತಿಯೇ ಹಾಗೆಂದು ಕೈತೊಳೆದುಕೊಂಡವನು. ಕೋಶಕಾರರು ತಿಳಿದು ಆರಿಸಿದರೋ ತಿಳಿಯದೆಯೋ, ಮಾಮೂಲಿನ ಮುಂದಿನ ಬಾಳೆಲ್ಲ ಆ ಉದಾಹರಣೆಯಲ್ಲಿದೆ. ಮೋಸಕ್ಕೆ ಪದ್ಧತಿಯ ಹೊದಿಕೆ!

ಆದರೂ ಆತುರದಿಂದ ತೀರ್ಪು ಕೊಡಬಾರದು. ಮಾಮೂಲು ಒಂದು ಕಾಲಕ್ಕೆ ಬಡವನ ಗುರಾಣಿಯೂ ಆಗಿತ್ತು. ಅಧಿಕಾರಿ ಹೊಸ ಕರ ಹಾಕಬಂದರೆ “ಇದು ಮಾಮೂಲಲ್ಲ ಸ್ವಾಮಿ” ಎನ್ನುವುದೇ ರೈತನಿಗಿದ್ದ ವಾದ. ಹಿಂದಿನಿಂದ ನಡೆದುಬಂದಷ್ಟು ಕೊಡುತ್ತೇನೆ, ಅದಕ್ಕೆ ಮೇಲೆ ಕೇಳಬೇಡಿ. ಅಂದರೆ ರೂಢಿಯೇ ಒಂದು ಮಿತಿ, ಒಂದು ಬೇಲಿ. ಜಮೀನಿನ ಕ್ರಯಪತ್ರಗಳಲ್ಲಿ ಇಂದಿಗೂ ಉಳಿದುಬಂದಿರುವ ‘ಮಾಮೂಲು ದಾರಿ’ ಎಂಬ ಮಾತು ಈ ಅರ್ಥದ ಕುಡಿ. ನಕ್ಷೆಯಲ್ಲಿ ರಸ್ತೆಯಿಲ್ಲದಿರಬಹುದು. ಆದರೆ ತಾತಮುತ್ತಾತಂದಿರ ಕಾಲದಿಂದ ಎತ್ತು ಗಾಡಿಗಳು ಅಲ್ಲಿ ಓಡಾಡಿವೆ. ಹೊಲದ ಹೊಸ ಒಡೆಯ ಅದಕ್ಕೆ ಮುಳ್ಳುಬೇಲಿ ಬಡಿಯುವಂತಿಲ್ಲ. ಇಂಥ ದಾರಿಗಾಗಿ ನ್ಯಾಯಾಲಯಕ್ಕೆ ಹೋದವರ ಮೊಕದ್ದಮೆಗಳಲ್ಲಿ ಮಾಮೂಲು ಎಂಬ ಮಾತು ತಲೆಯೆತ್ತಿ ನಿಲ್ಲುತ್ತದೆ. ಅದನ್ನು ಮೆಲುದನಿಯಲ್ಲಿ ಆಡಬೇಕಾಗಿಲ್ಲ.

ಬೇಲಿಯೇ ಹೊಲ ಮೇಯ್ದ ಬಗೆ ಹೇಗೆ? ಅದಕ್ಕೂ ಮೈಸೂರಿನ ಚರಿತ್ರೆಯಲ್ಲಿ ಒಂದು ಅಧ್ಯಾಯವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ‘ಶರತ್ತು’ ಪದ್ಧತಿಯೆಂದು ಒಂದಿತ್ತು. ಅಮಲ್ದಾರನಾದವನು ತನ್ನ ತಾಲ್ಲೂಕಿನಿಂದ ಇಷ್ಟು ಹಣ ಕೂಡಿಸಿ ಕೊಡುತ್ತೇನೆಂದು ಸರ್ಕಾರಕ್ಕೆ ಕರಾರು ಮಾಡಿಕೊಡಬೇಕಾಗಿತ್ತು. ಕರಾರಿನ ಹಣ ಹೇಗೆ ಹುಟ್ಟುತ್ತದೆಂಬುದನ್ನು ವಿಚಾರಿಸುವವರು ಕಡಿಮೆ. ೧೮೩೦ರಲ್ಲಿ ನಗರದ ಸೀಮೆಯ ರೈತರು ದಂಗೆಯೆದ್ದರು. ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಮುಂದೆ ೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಲೆಕ್ಕದ ಪುಸ್ತಕಗಳನ್ನು ಬಿಡಿಸಿ ನೋಡಿದಾಗ ಹೊರಬಂದ ಚಿಲ್ಲರೆ ತೆರಿಗೆಗಳ ಪಟ್ಟಿ ಮೂಗಿನ ಮೇಲೆ ಬೆರಳಿಡುವಂತಿತ್ತು. ರದ್ದಾದವೇ ೭೬೯! ಮದುವೆಗೊಂದು ತೆರಿಗೆ, ಮಗು ಹುಟ್ಟಿದರೊಂದು, ಅದಕ್ಕೆ ಹೆಸರಿಟ್ಟರೊಂದು, ತಲೆ ಬೋಳಿಸಿದರೆ ಮತ್ತೊಂದು. ಒಂದು ಹಳ್ಳಿಯವರು ತೆರುತ್ತಿದ್ದ ತೆರಿಗೆಗೆ ಕಾರಣ ಹುಡುಕಿದರೆ, ಯಾವ ಕಾಲದಲ್ಲೋ ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಅವರ ಪೂರ್ವಿಕರು ಹುಡುಕಿಕೊಡಲಿಲ್ಲವಂತೆ. ನಗರದ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದುಹೋದವರು ಅದಕ್ಕಾಗಿ ಹಣ ತೆರಬೇಕಾಗಿತ್ತು. ಇವೆಲ್ಲ ಸರ್ಕಾರದ ಉತ್ಪನ್ನಗಳೆಂದು ಲೆಕ್ಕದಲ್ಲಿ ಶಾಸ್ತ್ರೋಕ್ತವಾಗಿ ನಮೂದಾಗಿದ್ದವು.

ಕುದುರೆ ಸತ್ತು ಎಷ್ಟು ಕಾಲವಾಗಿತ್ತೋ! ಪಾಳೆಯಗಾರನೂ ಇಲ್ಲ, ಹುಡುಕದವರೂ ಇಲ್ಲ. ತೆರಿಗೆ ಮಾತ್ರ ಉಳಿದಿದೆ. ಮೊದಲ ಸಲ ಕೊಟ್ಟವನು ಹೆದರಿ ಕೊಟ್ಟ. ಅವನ ಮಗ ತಂದೆ ಕೊಡುತ್ತಿದ್ದನೆಂದು ಕೊಟ್ಟ. ಮೊಮ್ಮಗನ ಹೊತ್ತಿಗೆ ಅದು ಸಂಪ್ರದಾಯ. ದಂಡವೋ ದರೋಡೆಯೋ ಎರಡು ತಲೆಮಾರು ತಪ್ಪದೆ ನಡೆದರೆ ಮೂರನೆಯ ತಲೆಮಾರಿಗೆ ಮಾಮೂಲಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮಾತು ಲಂಚದ ಕಡೆಗೆ ಜಾರಿದ ದಾರಿಯೂ ಇದೇ ಇರಬೇಕು. ಲಂಚಕ್ಕೂ ಮಾಮೂಲಿಗೂ ಬೀದಿಯ ಜನ ಮಾಡುವ ಭೇದವನ್ನು ಗಮನಿಸಿ. ಲಂಚವನ್ನು ಕೇಳಬೇಕು, ಚೌಕಾಸಿ ಮಾಡಬೇಕು, ಒಂದು ಕೆಲಸಕ್ಕಾಗಿ ಒಂದು ಸಲ ಕೊಡಬೇಕು. ಮಾಮೂಲಿಗೆ ದರ ಗೊತ್ತು, ದಿನ ಗೊತ್ತು, ಕೈ ಗೊತ್ತು. ಯಾರೂ ಬಾಯಿ ಬಿಡಬೇಕಾಗಿಲ್ಲ. ಕೆಲಸ ಆಗಲೆಂದು ಲಂಚ ಕೊಡುವುದು. ತೊಂದರೆ ಆಗದಿರಲೆಂದು ಮಾಮೂಲು ಕೊಡುವುದು. ಕೇಳದೆ ಬರುವುದರಿಂದ ತೆಗೆದುಕೊಳ್ಳುವವನಿಗೆ ನಾಚಿಕೆಯಿಲ್ಲ, ಎಲ್ಲರೂ ಕೊಡುವುದರಿಂದ ಕೊಡುವವನಿಗೆ ಅವಮಾನವಿಲ್ಲ. ವಿಚಿತ್ರವೆಂದರೆ ಹಳೆಯ ಗುರಾಣಿಯ ಅರ್ಥ ಇಲ್ಲಿಯೂ ಸತ್ತಿಲ್ಲ. ತಳ್ಳುಗಾಡಿಯವನು ಮಾಮೂಲು ಕೊಡಬೇಕಾದುದಕ್ಕೆ ಅಷ್ಟಾಗಿ ಗೊಣಗುವುದಿಲ್ಲ. ‘ಮಾಮೂಲಿಗಿಂತ ಹೆಚ್ಚು’ ಕೇಳಿದರೆ ಅನ್ಯಾಯವಾಯಿತೆಂದು ಕೂಗುತ್ತಾನೆ. ಅನ್ಯಾಯಕ್ಕೂ ಒಂದು ನ್ಯಾಯವಾದ ದರವಿದೆಯೆಂದು ಅವನು ಒಪ್ಪಿಕೊಂಡುಬಿಟ್ಟಿದ್ದಾನೆ. ಈ ಮಾತು ಮಾಡಿರುವ ಹಾನಿಗಳಲ್ಲಿ ದೊಡ್ಡದು ಇದೇ.

ರೂಢಿಯ ಹೆಸರಿನಲ್ಲಿ ಹಣ ಕೀಳುವ ಜಾಣತನ ಕನ್ನಡಿಗರದೊಂದೇ ಅಲ್ಲ. ಪಾರಸಿಯಲ್ಲಿ ‘ದಸ್ತೂರ್’ ಎಂದರೆ ಪದ್ಧತಿ. ಅದರಿಂದ ಹುಟ್ಟಿದ ‘ದಸ್ತೂರಿ’ ಎಂಬುದು ಯಜಮಾನರ ಪರವಾಗಿ ಸಾಮಾನು ಕೊಳ್ಳುವ ಸೇವಕ ಅಂಗಡಿಯವನಿಂದ ಮುರಿದುಕೊಳ್ಳುತ್ತಿದ್ದ ಪಾಲು. ಕಂಪನಿಯ ಕಾಲದ ಕಲ್ಕತ್ತೆಯಲ್ಲಿ ಬಲು ಪ್ರಸಿದ್ಧ. ಇಂಗ್ಲಿಷಿನಲ್ಲಿ ರೂಢಿಗೂ ಸುಂಕಕ್ಕೂ ‘ಕಸ್ಟಮ್’ ಎಂಬ ಒಂದೇ ಮಾತು. ರೂಢಿಯಂತೆ ತೆರುತ್ತಿದ್ದುದೇ ಸುಂಕವಾಗಿ, ಇಂದು ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸುವ ಇಲಾಖೆಯ ಹೆಸರಾಗಿದೆ. ಮುಂಬಯಿಯ ‘ಹಫ್ತಾ’ ಮಾತ್ರ ಇವೆಲ್ಲಕ್ಕಿಂತ ನೇರ. ಪಾರಸಿಯಲ್ಲಿ ‘ಹಫ್ತ್’ ಎಂದರೆ ಏಳು, ‘ಹಫ್ತಾ’ ಎಂದರೆ ವಾರ. ವಾರಕ್ಕೊಮ್ಮೆ ಬರುತ್ತೇನೆ, ಹಣ ಎಣಿಸಿಡು ಎಂಬುದಷ್ಟೇ ಅದರ ಅರ್ಥ. ಅದರಲ್ಲಿ ಸಂಪ್ರದಾಯದ ಸೋಗಿಲ್ಲ.

ಕನ್ನಡದ್ದೇ ಆದ ಇನ್ನೊಂದು ಮಾತನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಅನ್ಯಾಯವಾದೀತು. ಅದು ‘ಗಿಂಬಳ’. ಊಟಗೀಟ, ಮನೆಗಿನೆ ಎನ್ನುವ ನಾಲಿಗೆಯೇ ಸಂಬಳಕ್ಕೆ ಜೋಡಿಯಾಗಿ ಗಿಂಬಳವನ್ನು ಹುಟ್ಟಿಸಿತು. ಯಾವ ಅರಬಸ್ತಾನದಿಂದಲೂ ಅದು ಬರಬೇಕಾಗಲಿಲ್ಲ. “ಹುಡುಗನಿಗೆ ಸಂಬಳವೆಷ್ಟು?” ಎಂದು ಕೇಳಿ, ಸ್ವಲ್ಪ ತಡೆದು, “ಗಿಂಬಳ?” ಎಂದು ಕಣ್ಣು ಮಿಟುಕಿಸುವ ಹೆಣ್ಣಿನ ಸೋದರಮಾವಂದಿರು ನಾಟಕಗಳಲ್ಲಿ ಮಾತ್ರವಲ್ಲ, ಮನೆಗಳಲ್ಲಿಯೂ ಇದ್ದರು. ಈ ಎರಡು ಮಾತುಗಳನ್ನು ಒಟ್ಟಿಗಿಟ್ಟು ನೋಡಿದರೆ ಸ್ವಭಾವಭೇದ ಎದ್ದು ಕಾಣುತ್ತದೆ. ಗಿಂಬಳ ತನ್ನನ್ನೇ ಗೇಲಿಮಾಡಿಕೊಳ್ಳುತ್ತದೆ. ಅದನ್ನು ಆಡಿದಾಗ ಯಾರಾದರೂ ನಗುತ್ತಾರೆ, ನಕ್ಕಾಗ ತಪ್ಪು ತಪ್ಪೆಂದು ಒಪ್ಪಿಕೊಂಡಂತೆಯೇ. ಮಾಮೂಲು ನಗುವುದಿಲ್ಲ. ಅದು ಪಂಚೆ ಉಟ್ಟು, ಶಲ್ಯ ಹೊದ್ದು, ಗಂಭೀರವಾಗಿ ಬಂದು ಕುಳಿತುಕೊಳ್ಳುತ್ತದೆ.

ಮೈಸೂರಿಗೂ ಈ ವಿಷಯದ ಶಾಸ್ತ್ರಕ್ಕೂ ಇನ್ನೊಂದು ನಂಟಿದೆ. ೧೯೦೫ರಲ್ಲಿ ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು, ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಬಂದಿದ್ದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಮೂಲಗ್ರಂಥ ೧೯೦೯ರಲ್ಲಿಯೂ ಇಂಗ್ಲಿಷ್ ಅನುವಾದ ೧೯೧೫ರಲ್ಲಿಯೂ ಅಚ್ಚಾಗಿ ಲೋಕದ ವಿದ್ವಾಂಸರೆಲ್ಲ ಮೈಸೂರಿನತ್ತ ತಿರುಗಿ ನೋಡಿದರು. ಸರ್ಕಾರದ ಹಣವನ್ನು ಅಧಿಕಾರಿಗಳು ಅಪಹರಿಸುವ ದಾರಿಗಳು ನಲವತ್ತೆಂದು ಆ ಗ್ರಂಥ ಎಣಿಸಿ ಹೇಳುತ್ತದೆ. ನೀರಿನೊಳಗಿನ ಮೀನು ಯಾವಾಗ ನೀರು ಕುಡಿಯಿತೆಂದು ಹೇಗೆ ತಿಳಿಯದೋ ಹಾಗೆಯೇ ಅಧಿಕಾರಿ ಯಾವಾಗ ಹಣ ನುಂಗಿದನೆಂಬುದೂ ತಿಳಿಯದು ಎಂಬ ಅದರ ಹೋಲಿಕೆ ಈಗ ಮನೆಮಾತು. ಆ ತಾಳೆಗರಿಯಿದ್ದ ಸಂಸ್ಥೆಯೂ, ಬಹುಕಾಲ ಜಿಲ್ಲಾಧಿಕಾರಿಗಳ ಕಚೇರಿಯಾಗಿದ್ದ ಭವ್ಯ ಕಟ್ಟಡವೂ ಕೃಷ್ಣರಾಜ ಬುಲೆವಾರ್ಡಿನ ನೆರೆಹೊರೆಯಲ್ಲೇ ಇವೆ. ಕೌಟಿಲ್ಯನ ಪಟ್ಟಿಯಲ್ಲಿ ಮಾಮೂಲಿಗೆ ಹೆಸರಿಲ್ಲ, ನಿಜ. ಆದರೆ ರಾಜನಿಗೆ ಸಲ್ಲಬೇಕಾದುದರ ಹೊರಗೆ ಪ್ರಜೆಯಿಂದ ಕಿತ್ತುಕೊಂಡದ್ದು ಎಷ್ಟು ಹಳೆಯದಾದರೂ ಅಪರಾಧವೇ ಎಂಬ ಅವನ ನಿಲುವಿನಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಕಚೇರಿಯ ಮಾಮೂಲನ್ನು ಬೈಯುವುದು ಸುಲಭ. ಮನೆಯ ಮಾಮೂಲಿನ ವಿಚಾರ ಅಷ್ಟು ಸರಳವಲ್ಲ. ದಸರೆಯ ಆಯುಧಪೂಜೆಯ ದಿನ, ದೀಪಾವಳಿಯ ದಿನ, ಅಂಚೆಯವನು, ಹಾಲಿನವನು, ಬೀದಿ ಗುಡಿಸುವವಳು, ಮನೆಗೆಲಸದವಳು ಬಾಗಿಲಿಗೆ ಬರುತ್ತಾರೆ. ಅವರಿಗೆ ಕೊಡುವುದಕ್ಕೂ ಹಳೆಯ ಮನೆಗಳಲ್ಲಿ ‘ಹಬ್ಬದ ಮಾಮೂಲು’ ಎಂದೇ ಹೆಸರು. ಇದೂ ಲಂಚವೇ? ವರ್ಷವೆಲ್ಲ ಮಳೆಯಲ್ಲಿ ನೆನೆದು ಕೆಲಸ ಮಾಡಿದವಳಿಗೆ ಒಂದು ಸೀರೆ, ಒಂದಿಷ್ಟು ಮೈಸೂರು ಪಾಕು ಕೊಟ್ಟರೆ ಯಾವ ಶಾಸ್ತ್ರವೂ ಅಡ್ಡಬರಲಾರದು. ಭೇದ ತಿಳಿಯಲು ಒಂದು ಸುಲಭವಾದ ಪರೀಕ್ಷೆಯಿದೆ: ಕೊಡದಿದ್ದರೆ ಏನಾಗುತ್ತದೆ? ಆಕೆ ಸ್ವಲ್ಪ ಮುಖ ಸಣ್ಣಗೆ ಮಾಡಿಕೊಂಡು ಹೋಗಿ ಮರುದಿನ ಮತ್ತೆ ಬೀದಿ ಗುಡಿಸಿದರೆ ಅದು ಉಡುಗೊರೆ. ಮರುದಿನದಿಂದ ಕೆಲಸವೇ ನಿಂತುಹೋಗುವ ಭಯವಿದ್ದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ. ಮೈಸೂರಿನ ಅರಮನೆಯ ದರ್ಬಾರಿನಲ್ಲಿ ಅಧಿಕಾರಿಗಳೂ ಗಣ್ಯರೂ ಮಹಾರಾಜರಿಗೆ ನಜರ್ ಒಪ್ಪಿಸುತ್ತಿದ್ದರು. ಅದು ನಿಷ್ಠೆಯ ಕುರುಹು, ಸಾವಿರ ಕಣ್ಣುಗಳ ಎದುರಿಗೆ ನಡೆಯುತ್ತಿದ್ದ ಸಮಾರಂಭ. ಬೆಳಕಿನಲ್ಲಿ ಕೊಟ್ಟದ್ದಕ್ಕೂ ಮಡಿಸಿದ ಅಂಗೈಯಲ್ಲಿ ಕೊಟ್ಟದ್ದಕ್ಕೂ ಅಂತರವಿದೆಯಲ್ಲವೇ?

ಎಲ್ಲಕ್ಕಿಂತ ಸಿಕ್ಕಿನದು ಮದುವೆಯ ಮಾತುಕತೆಯ ಮಾಮೂಲು. ಗಂಡಿನ ಕಡೆಯ ಹಿರಿಯರು ತಾಂಬೂಲದ ತಟ್ಟೆಯ ಮುಂದೆ ಕುಳಿತು ಬಹಳ ಉದಾರವಾಗಿ ಹೇಳುತ್ತಾರೆ: “ನಮಗೇನೂ ಬೇಡಿ ರಾಯರೇ. ಎಲ್ಲ ಮಾಮೂಲಿನಂತೆ ಮಾಡಿಕೊಟ್ಟರೆ ಸಾಕು.” ಹೆಣ್ಣಿನ ತಂದೆಗೆ ಅಂದು ರಾತ್ರಿ ನಿದ್ರೆ ಬರುವುದಿಲ್ಲ. ಮಾಮೂಲೆಂದರೆ ಯಾರ ಮಾಮೂಲು? ಅವರ ಹಿರಿಯ ಸೊಸೆಯ ತವರಿನವರು ಮಾಡಿದ್ದೇ? ತಮ್ಮ ದೊಡ್ಡ ಮಗಳಿಗೆ ಮಾಡಿದ್ದೇ? ಸ್ಪಷ್ಟವಾಗಿ ಇಷ್ಟು ರೂಪಾಯಿ ಎಂದಿದ್ದರೆ ಇಲ್ಲವೆನ್ನಬಹುದಿತ್ತು, ಕೈಮುಗಿದು ಎದ್ದುಬರಬಹುದಿತ್ತು. ಮಾಮೂಲಿಗೆ ಇಲ್ಲವೆನ್ನುವುದು ಹೇಗೆ? ಅದರಲ್ಲಿ ಬೇಡಿಕೆಯೇ ಕಾಣುವುದಿಲ್ಲ.

ಈ ಗೊಂದಲ ಕಾನೂನಿಗೂ ತಟ್ಟಿದೆ. ವರದಕ್ಷಿಣೆ ನಿಷೇಧ ಕಾನೂನು ೧೯೬೧ರಲ್ಲಿ ಬಂತು. ೧೯೮೪ರ ತಿದ್ದುಪಡಿಯಲ್ಲಿ, ಕೇಳದೆ ಕೊಟ್ಟ ಮದುವೆಯ ಉಡುಗೊರೆಗಳಿಗೆ ವಿನಾಯಿತಿ ಇಡಲಾಯಿತು. ಹೆಣ್ಣಿನ ಕಡೆಯವರು ವರನಿಗೆ ಕೊಡುವ ಉಡುಗೊರೆ ರೂಢಿಗೆ ಅನುಸಾರವಾಗಿರಬೇಕು, ಕೊಡುವವರ ಸ್ಥಿತಿಗತಿಗೆ ಮೀರಿರಬಾರದು, ಪಟ್ಟಿಯಲ್ಲಿ ಬರೆದಿರಬೇಕು ಎಂಬುದು ನಿಬಂಧನೆ. ಉದ್ದೇಶ ಒಳ್ಳೆಯದೇ, ಬಳೆ, ಬೆಳ್ಳಿಯ ಚೊಂಬು ಕೊಟ್ಟ ಅಜ್ಜಿಯನ್ನು ಸೆರೆಮನೆಗೆ ಕಳುಹಿಸುವುದು ಯಾರಿಗೂ ಬೇಕಿರಲಿಲ್ಲ. ಆದರೆ ‘ರೂಢಿಗೆ ಅನುಸಾರವಾಗಿ’ ಎಂಬ ಕಿರಿದಾದ ಬಾಗಿಲಿನಲ್ಲಿ ಎಷ್ಟು ದೊಡ್ಡ ಮೆರವಣಿಗೆ ನುಗ್ಗಬಲ್ಲದೆಂಬುದನ್ನು ಮದುವೆಯ ಛತ್ರಗಳ ಮುಂದೆ ನಿಂತು ನೋಡಿದವರು ಬಲ್ಲರು.

ನೆರೆಯ ಭಾಷೆಗಳಲ್ಲಿ ಈ ಮಾತು ಪಡೆದಿರುವ ಬೇರೆ ಬೇರೆ ಗತಿಗಳು ಕುತೂಹಲಕರವಾಗಿವೆ. ತಮಿಳಿನವರೂ ತೆಲುಗಿನವರೂ ಕನ್ನಡಿಗರಂತೆ ಅದನ್ನು ದಿನಬಳಕೆಗೂ ಲಂಚಕ್ಕೂ ಹಚ್ಚಿಕೊಂಡಿದ್ದಾರೆ. ಮಲಯಾಳದಲ್ಲಿ ‘ಮಾಮೂಲ್’ ಎಂದರೆ ಹಳೆಯ ಸಂಪ್ರದಾಯ, ಕಂದಾಚಾರ. ಅಲ್ಲಿ ಸಮಾಜ ಸುಧಾರಕರು ಅದನ್ನು ಮುರಿಯಲು ಹೊರಡುತ್ತಾರೆ, ಯಾರೂ ಅದನ್ನು ಜೇಬಿಗೆ ಹಾಕಿಕೊಳ್ಳುವುದಿಲ್ಲ. ಹಿಂದಿಯ ‘ಮಾಮೂಲೀ’ ಎಂದರೆ ಕ್ಷುಲ್ಲಕ, ಸಾಧಾರಣ. ತುರ್ಕಿ ಭಾಷೆಯಲ್ಲಿ ‘ಮಾಮುಲ್’ ಎಂದರೆ ಕಾರ್ಖಾನೆಯಲ್ಲಿ ತಯಾರಾದ ಸರಕು. ಉರ್ದುವಿನಲ್ಲಿ ದಿನಚರಿಯೆಂಬ ಅರ್ಥದ ಜೊತೆಗೆ ಇನ್ನೊಂದು ವಿಲಕ್ಷಣವಾದ ಅರ್ಥವಿದೆ. ಸಮ್ಮೋಹನ ವಿದ್ಯೆ ಬಲ್ಲವನು ‘ಆಮಿಲ್’, ಅವನ ಕಣ್ಣೋಟಕ್ಕೆ ಸಿಕ್ಕಿ ಅವನು ಹೇಳಿದಂತೆ ನಡೆಯುವವನು ‘ಮಅಮೂಲ್’. ಆಮಿಲನು ಕೈಯೆತ್ತೆಂದರೆ ಮಅಮೂಲನು ಕೈಯೆತ್ತುತ್ತಾನೆ, ಏಕೆಂದು ಕೇಳುವುದಿಲ್ಲ.

ಲೆಬನಾನ್, ಸಿರಿಯಾ, ಪ್ಯಾಲೆಸ್ಟೈನ್‌ಗಳಲ್ಲಿ ಮಾಮೂಲೆಂದರೆ ಒಂದು ಸಿಹಿತಿಂಡಿ! ರವೆ ಬೆಣ್ಣೆಗಳ ಕಣಕದೊಳಗೆ ಖರ್ಜೂರವನ್ನೋ ಪಿಸ್ತಾ ಅಕ್ರೋಟುಗಳನ್ನೋ ಹೂರಣವಾಗಿ ತುಂಬಿ, ಚಿತ್ತಾರ ಕೆತ್ತಿದ ಮರದ ಅಚ್ಚಿನಲ್ಲಿ ಒತ್ತಿ ಬೇಯಿಸುತ್ತಾರೆ. ಸಂಕ್ರಾಂತಿಯ ಸಕ್ಕರೆ ಅಚ್ಚುಗಳನ್ನು ಬಲ್ಲ ಮೈಸೂರಿನ ಹೆಂಗಸರಿಗೆ ಆ ಮರದ ಅಚ್ಚು ಅಪರಿಚಿತವೆನಿಸದು. ಮುಸಲ್ಮಾನರು ಈದ್ ಹಬ್ಬಕ್ಕೆ, ಕ್ರೈಸ್ತರು ಈಸ್ಟರಿಗೆ ಅದನ್ನು ಮಾಡಿ ಅಕ್ಕಪಕ್ಕದವರಿಗೆ ಹಂಚುತ್ತಾರೆ. ಅಲ್ಲಿ ಮಾಮೂಲು ತಿನ್ನುವುದರಿಂದ ಯಾರ ಮಾನವೂ ಹೋಗುವುದಿಲ್ಲ.

ಇಲ್ಲಿ ತಿಂದವರನ್ನು ಹಿಡಿಯುವ ಪ್ರಯತ್ನಗಳೂ ಕಡಿಮೆಯೇನಲ್ಲ. ೧೮೬೦ರ ದಂಡಸಂಹಿತೆಯಲ್ಲಿಯೇ ಸರ್ಕಾರಿ ನೌಕರ ಸಂಬಳದ ಹೊರಗೆ ಪ್ರತಿಫಲ ಪಡೆಯುವುದು ಅಪರಾಧವಾಗಿತ್ತು. ೧೯೪೭ರಲ್ಲಿ ಭ್ರಷ್ಟಾಚಾರಕ್ಕೆಂದೇ ಪ್ರತ್ಯೇಕ ಕಾನೂನು ಬಂತು, ೧೯೮೮ರಲ್ಲಿ ಅದು ಹೊಸದಾಯಿತು. ಕರ್ನಾಟಕದಲ್ಲಿ ೧೯೮೪ರ ಕಾನೂನಿನಂತೆ ಲೋಕಾಯುಕ್ತ ಸಂಸ್ಥೆ ಹುಟ್ಟಿತು. ೨೦೧೬ರಲ್ಲಿ ಅದರ ಪೊಲೀಸ್ ಅಧಿಕಾರ ಬೇರೊಂದು ದಳದ ಕೈಗೆ ಹೋಗಿ, ೨೦೨೨ರಲ್ಲಿ ಉಚ್ಚ ನ್ಯಾಯಾಲಯದ ತೀರ್ಪಿನಿಂದ ಹಿಂದಿರುಗಿತು. ಇವೆಲ್ಲ ಹಿಡಿದು ದಂಡಿಸುವ ಮಾರ್ಗ. ಮಾಮೂಲಿನ ಬೇರಿಗೆ ಬಿಸಿನೀರು ಹಾಕಿದ ಬೇರೊಂದು ಬಗೆಯ ಕೆಲಸವೂ ನಡೆದಿದೆ. ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಸುಮಾರು ೬೭ ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಗ್ರಾಮಲೆಕ್ಕಿಗರ ಹಿಂದೆ ದಿನಗಟ್ಟಲೆ ಅಲೆದು, ಕೇಳಿದಷ್ಟು ಕೊಟ್ಟು ಪಡೆಯುತ್ತಿದ್ದ ಕಾಗದ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ೧೫ ರೂಪಾಯಿಗೆ ಸಿಕ್ಕತೊಡಗಿತು. ೨೦೧೨ರಲ್ಲಿ ಜಾರಿಗೆ ಬಂದ ‘ಸಕಾಲ’ ಯಾವ ಕೆಲಸ ಎಷ್ಟು ದಿನದೊಳಗೆ ಆಗಬೇಕೆಂದು ಗೊತ್ತುಮಾಡಿ, ತಡವಾದ ದಿನವೊಂದಕ್ಕೆ ೨೦ ರೂಪಾಯಿಯಂತೆ, ೫೦೦ ರೂಪಾಯಿ ಮೀರದಂತೆ, ಅರ್ಜಿದಾರನಿಗೇ ಪರಿಹಾರ ಕೊಡಬೇಕೆಂದು ವಿಧಿಸಿತು. ಮೊತ್ತ ಸಣ್ಣದು. ಆದರೆ ಕಚೇರಿಯಿಂದ ಪ್ರಜೆಯ ಕಡೆಗೆ ಹಣ ಹರಿಯಬಹುದೆಂಬ ವಿಚಾರವೇ ಮಾಮೂಲಿಗೆ ವಿರುದ್ಧವಾದದ್ದು.

೨೦೧೮ರ ತಿದ್ದುಪಡಿಯಂತೆ ಈಗ ಕೊಡುವವನೂ ಅಪರಾಧಿಯೇ. ಏಳು ವರ್ಷದವರೆಗೆ ಸಜೆಯಾಗಬಹುದು. ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ತನಿಖೆಯ ಅಧಿಕಾರಿಗಳಿಗೆ ತಿಳಿಸಿದರೆ ಮಾತ್ರ ಬಿಡುಗಡೆ. ತಳ್ಳುಗಾಡಿಯ ಹಣ್ಣಿನವನಿಗೆ ಈ ಏಳು ದಿನದ ಲೆಕ್ಕ ಅರ್ಥವಾಗುವುದು ಕಷ್ಟ. ಅವನು ಕೊಡುವುದು ಒಂದು ದಿನದ ಮಾತಲ್ಲ; ಏಳನೆಯ ದಿನ ಬರುವಷ್ಟರಲ್ಲಿ ಇನ್ನೊಂದು ವಾರದ ಮಾಮೂಲು ಕೊಟ್ಟಾಗಿರುತ್ತದೆ. ಬಲವಂತವಾಯಿತೇ ಎಂದು ಕೇಳಿದರೆ ಅವನು ಏನೆಂದಾನು? “ಯಾರೂ ಬಲವಂತ ಮಾಡಲಿಲ್ಲ ಸ್ವಾಮಿ, ಕೇಳಲೂ ಇಲ್ಲ. ಮಾಮೂಲು.”